ಗಾಯ ಮಾಯ್ತು, ಬೆರಳು ಬಿಡಿಸುತ್ತಿಲ್ಲ

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಬಿದ್ದು ಐದು ವರ್ಷದ ಮಗನ ಅಂಗೈ ಸುಟ್ಟಿತ್ತು. ಗಾಯ ಮಾಯ್ದಿದೆ. ಆದರೆ ಮೂರು ಬೆರಳು ಒಳಕ್ಕೆ ಮಡಚಿಕೊಳ್ಳುತ್ತಿವೆ. ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ ಅಂತ ಊರಲ್ಲಿ ಒಬ್ಬರು ಔಷಧಿ ಕೊಡುತ್ತಿದ್ದಾರೆ. ಆಪರೇಷನ್ ಬೇಕಾದರೆ ದೊಡ್ಡವನಾದ ಮೇಲೆ ಮಾಡಿಸಬಹುದಲ್ವಾ?
– ಶಿರಸಿ ಕಡೆಯ ತಾಯಿ

ಉತ್ತರ: ಕಾಯಬೇಡಿ ಅಮ್ಮ. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ! ಮಗ ಬೆಳೆಯುತ್ತಾನೆ, ಮೂಳೆ ಬೆಳೆಯುತ್ತದೆ. ಸುಟ್ಟ ಕಲೆ ಬೆಳೆಯುವುದಿಲ್ಲ. ಅದು ಬೆರಳನ್ನು ಇನ್ನಷ್ಟು ಒಳಕ್ಕೆ ಎಳೆಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೀಲೇ ಬಿಗಿದುಕೊಳ್ಳುತ್ತದೆ, ಆಮೇಲೆ ಚರ್ಮ ಬಿಡಿಸಿದರೂ ಬೆರಳು ನೆಟ್ಟಗಾಗುವುದು ಕಷ್ಟ. ಹೀಗೆ ತಡವಾಗಿ ಬಂದ ಮಗುವಿನ ಮುಷ್ಟಿ ಬಿಡಿಸಿ ನೋಡಿದ್ದೇನೆ. ಬೆರಳ ಸಂದಿ ತೊಳೆಯಲಾಗದೆ ಚರ್ಮ ಬೆಳ್ಳಗೆ ನೆನೆದು ವಾಸನೆ ಹೊಡೆಯುತ್ತಿತ್ತು. ಮಗುವಿಗೆ ಲೋಟ ಹಿಡಿಯಲೂ ಬರುತ್ತಿರಲಿಲ್ಲ.

ಎಣ್ಣೆಯಿಂದ ಒಣ ಚರ್ಮಕ್ಕೆ ಹಿತ, ಅಷ್ಟೇ. ಅದರಿಂದ ಚರ್ಮ ಉದ್ದ ಆಗುವುದಿಲ್ಲ. ಜೋರಾಗಿ ಎಳೆದು ತಿಕ್ಕಿಸಿದರೆ ಕಲೆ ಹರಿದು ಹೊಸ ಗಾಯ ಆಗುತ್ತದೆ, ಅದು ಮಾಯುವಾಗ ಇನ್ನೂ ಬಿಗಿಯುತ್ತದೆ. ಇದಕ್ಕೆ ದುಡ್ಡು ತಗೊಂಡು ತಿಂಗಳುಗಟ್ಟಲೆ ಕಾಲ ಕಳೆಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಾಲ್ಕೇ ತಿಂಗಳಾಗಿದೆ ಅಂದರೆ ಇನ್ನೂ ಅವಕಾಶ ಇದೆ. ಈ ವಾರವೇ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಬೆರಳು ಮೆಲ್ಲಗೆ ಎತ್ತಿದರೆ ಬಿಡಿಸುತ್ತದೆ ಅಂದರೆ, ಮೊದಲು ಅಳತೆಗೆ ಮಾಡಿದ ಗಟ್ಟಿ ಪಟ್ಟಿ (ಸ್ಪ್ಲಿಂಟ್) ಕಟ್ಟಿ ವ್ಯಾಯಾಮ ಮಾಡಿಸಿ ನೋಡುತ್ತಾರೆ. ಅದಕ್ಕೂ ಬೆರಳು ಬಿಡಿಸದಿದ್ದರೆ ಆಪರೇಷನ್. ಬಿಗಿದ ಕಲೆ ಬಿಡಿಸಿ, ಸಾಮಾನ್ಯವಾಗಿ ತೊಡೆಸಂದಿಯಿಂದ ಚರ್ಮ ತೆಗೆದು ಅಂಗೈಗೆ ಹೊಲಿಯುತ್ತಾರೆ. ಬೆರಳು ನೆಟ್ಟಗಿರಲಿ ಅಂತ ಕೆಲವು ವಾರ ಸಣ್ಣ ತಂತಿ ಹಾಕುವುದೂ ಉಂಟು. ಆಮೇಲಿನ ತಿಂಗಳುಗಳಲ್ಲಿ ರಾತ್ರಿ ಪಟ್ಟಿ ತಪ್ಪಿಸುವಂತಿಲ್ಲ. ಅದನ್ನು ಬಿಟ್ಟವರ ಬೆರಳು ಮತ್ತೆ ಮಡಚಿದ್ದನ್ನು ಕಂಡಿದ್ದೇನೆ. ಆಯುಷ್ಮಾನ್ ಕಾರ್ಡಿದ್ದರೆ ಹೋಗುವಾಗಲೇ ಕೈಯಲ್ಲಿರಲಿ.

ಅಡಿಕೆ ಬೇಯಿಸುವ ಹಂಡೆ, ಬಚ್ಚಲ ಒಲೆ, ಯಾವುದರಿಂದ ಸುಟ್ಟರೂ ಮೂರು ವಾರಕ್ಕೆ ಮಾಯದ ಗಾಯ ಬಿಗಿಯುವ ಅಪಾಯ ಜಾಸ್ತಿ. ಆಗಲೇ ಚರ್ಮ ಕಸಿ ಮಾಡಿಸಿದರೆ ಮುಂದಿನ ಪಾಡು ಎಷ್ಟೋ ತಪ್ಪುತ್ತದೆ. ಕುತ್ತಿಗೆ ಸುಟ್ಟವರಿಗೆ ತಲೆದಿಂಬು ಕೊಡಬೇಡಿ. ಮಗುವಿಗೆ ಹಾಯೆನಿಸುವ ಭಂಗಿಯಲ್ಲೇ ಚರ್ಮ ಬಿಗಿಯುತ್ತದೆ.

ಪ್ರಶ್ನೆ: ಸುಟ್ಟ ತಕ್ಷಣ ಟೂತ್‌ಪೇಸ್ಟ್ ಹಚ್ಚಬಹುದಾ? – ಕುಮಟಾ

ಉತ್ತರ: ಬೇಡ. ಇಡ್ಲಿ ಹಿಟ್ಟು, ಶಾಯಿ, ಐಸ್ ಕೂಡ ಬೇಡ. 20 ನಿಮಿಷ ನಲ್ಲಿ ನೀರು ಬಿಡಿ. ಬಳೆ, ಉಂಗುರ ಮೊದಲೇ ತೆಗೆಯಿರಿ.

ಪ್ರಶ್ನೆ: ಕಲೆ ಪೂರ್ತಿ ಹೋಗುವ ಕ್ರೀಮ್ ಯಾವುದು? – ಅಂಕೋಲಾ

ಉತ್ತರ: ಅಂಥದ್ದು ಇಲ್ಲ.

ಪ್ರಶ್ನೆ: ಮಗಳಿಗೆ ನನ್ನ ಚರ್ಮ ಕೊಡಬಹುದಾ? – ಹೊನ್ನಾವರ

ಉತ್ತರ: ಬೇರೆಯವರ ಚರ್ಮ ಕೆಲವು ವಾರದ ಹೊದಿಕೆ ಮಾತ್ರ, ಆಮೇಲೆ ಮೈ ಅದನ್ನು ತಳ್ಳಿಬಿಡುತ್ತದೆ. ಉಳಿಯುವುದು ಅವಳದೇ ಚರ್ಮ. ನೀವು ದಿನಾ ಅವಳ ಪಟ್ಟಿ ಕಟ್ಟಿಕೊಡಿ.