4,500 ರೂಪಾಯಿಯ ಬಿದ್ರಿ ಹೂದಾನಿಗೆ ನಮ್ಮ ಸೈಟಿನಲ್ಲಿ ತಪ್ಪಾಗಿ 450 ಅಂತ ಬಿದ್ದು, ಸೊಲ್ಲಾಪುರದ ಗಿರಾಕಿಯೊಬ್ಬರಿಂದ ಆರ್ಡರ್ ಆಗಿದೆ, ಕೊಡಲೇಬೇಕಾ?

ತಕರಾರಿನ ಬೇರು ಬೆಲೆಯ ತಪ್ಪಿಗಿಂತ ಜಾಸ್ತಿ ನಿಮ್ಮ ಸೈಟು ತಾನಾಗೇ ಕಳಿಸುವ ಮೇಲ್‌ನಲ್ಲಿರಬೇಕು. ಸೈಟಿನಲ್ಲಿ 450 ಅಂತ ಬಿದ್ದದ್ದು ಕೊಳ್ಳಲು ಬನ್ನಿ ಅನ್ನುವ ಬರೀ ಆಹ್ವಾನ, ಬೀದರ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಬೆಲೆ ಚೀಟಿ ಅಂಟಿಸಿದ ಹಾಗೆ. ಗಿರಾಕಿ ಆರ್ಡರ್ ಮಾಡಿದ್ದು ಪ್ರಸ್ತಾಪ. ನೀವು ಒಪ್ಪಿದರೆ ಮಾತ್ರ ಕರಾರು.

ಮೊದಲು ಆ ಮೇಲ್ ತೆಗೆದು ನೋಡಿ. 'ಆರ್ಡರ್ ತಲುಪಿದೆ' ಅಂತಷ್ಟೇ ಇದ್ದರೆ, ಬೆಲೆ ತಪ್ಪಾಗಿದೆ, ಕೊಡಲಾಗದು ಎಂದು ಇವತ್ತೇ ಬರೆಯಿರಿ. ಪೂರ್ತಿ ಹಣ ವಾಪಸ್ ಮಾಡಿ.

'ಆರ್ಡರ್ ಖಚಿತವಾಗಿದೆ' ಅಂತಿದ್ದರೆ ನೀವು ಒಪ್ಪಿದ ಹಾಗಾಗಬಹುದು, ಸ್ವಲ್ಪ ಕಷ್ಟ. 1872ರ ಕರಾರು ಕಾಯ್ದೆಯ 22ನೇ ಕಲಂ ಪ್ರಕಾರ, ಒಬ್ಬರ ಕಡೆಯ ತಪ್ಪು ತಿಳಿವಳಿಕೆ ಅನ್ನುವ ಒಂದೇ ಕಾರಣಕ್ಕೆ ಕರಾರು ಬಿಡಲಾಗದು. ಇಷ್ಟು ಅಗ್ಗ ಅಂದರೆ ತಪ್ಪೇ ಅಂತ ಗಿರಾಕಿಗೂ ಗೊತ್ತಿತ್ತಲ್ವಾ ಎಂದು ವಾದಿಸಬಹುದು. ಗೆಲ್ಲುವ ಖಾತ್ರಿ ಇಲ್ಲ. ಅವರು ಸೊಲ್ಲಾಪುರದವರು ಅಂದಿರಿ. 2019ರ ಗ್ರಾಹಕ ಕಾಯ್ದೆಯಲ್ಲಿ ಅವರು ತಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಒಂದು ಹೂದಾನಿಗಾಗಿ ಸುಮ್ನೆ ಅಲ್ಲಿಗೆ ಓಡಾಡುವ ಬದಲು ರಾಜಿ ಮಾಡಿಕೊಳ್ಳಿ.

ಆಮೇಲೆ ಮೇಲ್‌ನ ಒಕ್ಕಣೆ ಬದಲಿಸಿ: 'ಮಾಲು ರವಾನೆಯಾದಾಗಲೇ ನಮ್ಮ ಒಪ್ಪಿಗೆ'. ಈ ಷರತ್ತು ಹಣ ಕಟ್ಟುವ ಮೊದಲೇ ಕಾಣಬೇಕು, ಗಿರಾಕಿಯಿಂದ ಟಿಕ್ ಹಾಕಿಸಬೇಕು.