ಆಂಟಿವೈರಸ್ ಇತ್ತು, ಆದರೂ ಫೋಟೋ ಎಲ್ಲ ಹೋಯ್ತು

ಪ್ರಶ್ನೆ: ಮನೆ ಕಂಪ್ಯೂಟರ್‌ಗೆ ಉಚಿತ ಆಂಟಿವೈರಸ್ ಸಾಕಾ, ದುಡ್ಡು ಕೊಟ್ಟೇ ತಗೊಳ್ಳಬೇಕಾ? ಯಾವುದು ನಂಬರ್ ಒನ್?

ಈ ಪ್ರಶ್ನೆ ಬರದ ವಾರವೇ ಇಲ್ಲ. ವಿಂಡೋಸ್ 10 ಅಥವಾ 11 ಇದ್ದರೆ ಅದರೊಳಗೇ ಮೈಕ್ರೋಸಾಫ್ಟ್ ಡಿಫೆಂಡರ್ ಇದೆ. ಸಾಮಾನ್ಯ ಮನೆ ಬಳಕೆಗೆ ಅದು ಸಾಕು. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆಗಳು ಆಂಟಿವೈರಸ್‌ಗಳನ್ನು ನಿಯಮಿತವಾಗಿ ಪರೀಕ್ಷೆ ಮಾಡಿ ಫಲಿತಾಂಶ ಹಾಕುತ್ತವೆ. ಪುಕ್ಕಟೆ ನೋಡಬಹುದು. ಆ ಫಲಿತಾಂಶಗಳಲ್ಲಿ ಮುಂದಿರುವ ಆಂಟಿವೈರಸ್‌ಗಳ ನಡುವೆ ವ್ಯತ್ಯಾಸ ತೀರಾ ಕಡಿಮೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಬಿಟ್‌ಡಿಫೆಂಡರ್, ಈಸೆಟ್, ಇವುಗಳಲ್ಲಿ ಯಾವುದಕ್ಕಾದರೂ ಈಗಾಗಲೇ ದುಡ್ಡು ಕಟ್ಟಿದ್ದರೆ ಅದನ್ನೇ ಬಳಸಿ. ಆದರೆ ಉಚಿತ ಅಂದ ಕೂಡಲೇ ಕಣ್ಣು ಮುಚ್ಚಿ ಹಾಕಿಕೊಳ್ಳಬೇಡಿ. ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ತಾಣ ನೋಡುತ್ತಾರೆ ಅನ್ನುವ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 1.65 ಕೋಟಿ ಡಾಲರ್ ಕಟ್ಟಬೇಕಾಗಿ ಬಂತು.

ಯಾವುದು ಅನ್ನುವ ಪ್ರಶ್ನೆ ಇಲ್ಲಿಗೆ ಸಾಕು. ಈ ಸಲ ಜಾಸ್ತಿ ಜಾಗ ಬೇಕಾಗಿರುವುದು ಮುಂದಿನ ಪತ್ರಕ್ಕೆ.

ಪ್ರಶ್ನೆ: ನಾವು ವರ್ಷಾ ವರ್ಷಾ ದುಡ್ಡು ಕಟ್ಟಿ ಆಂಟಿವೈರಸ್ ನವೀಕರಿಸುತ್ತೇವೆ. ಹೋದ ವಾರ ಮಗ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಒಂದನ್ನು ಇಂಟರ್ನೆಟ್‌ನಿಂದ ಪುಕ್ಕಟೆ ಹಾಕಿಕೊಂಡ. ಮಾರನೇ ದಿನದಿಂದ ಫೋಟೋ, ವರ್ಡ್ ಫೈಲ್ ಯಾವುದೂ ತೆರೆಯುತ್ತಿಲ್ಲ. ಎಲ್ಲದರ ಹೆಸರಿನ ಕೊನೆಗೂ ನಾಲ್ಕು ಅಕ್ಷರ ಸೇರಿಕೊಂಡಿವೆ. 980 ಡಾಲರ್ ಕೇಳುವ ಚೀಟಿಯೊಂದು ಪ್ರತಿ ಫೋಲ್ಡರ್‌ನಲ್ಲೂ ಇದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಬೇರೆ ಆಂಟಿವೈರಸ್ ಹಾಕಿಕೊಡುತ್ತೇವೆ ಅಂತಾರೆ. ಯಾವುದು ಹಾಕಿಸಲಿ? (ಶಿವಮೊಗ್ಗದ ಓದುಗರು)

ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಮಾಡಿಸಲು ಕೊಟ್ಟಿದ್ದರೆ ಇದನ್ನು ಓದುತ್ತಿರುವಾಗಲೇ ಅಂಗಡಿಗೆ ಫೋನ್ ಮಾಡಿ ನಿಲ್ಲಿಸಿ. ಫಾರ್ಮ್ಯಾಟ್ ಮಾಡಿದರೆ ವೈರಸ್ ಹೋಗುತ್ತದೆ ನಿಜ. ಅದರ ಜೊತೆಗೆ ನಿಮ್ಮ ಫೋಟೋಗಳೂ, ಅವು ಮತ್ತೆ ಸಿಗುವ ಆಸೆಯೂ ಹೋಗುತ್ತದೆ. ಯಾವ ಕಾಯಿಲೆ ತಂದರೂ ಫಾರ್ಮ್ಯಾಟ್ ಅನ್ನುವ ಒಂದೇ ಮದ್ದು ಕೊಡುವವರ ಮೇಲೆ ನನಗೆ ತುಂಬಾ ಸಿಟ್ಟಿದೆ. ಕಾರಣ ಆಮೇಲೆ ಹೇಳುತ್ತೇನೆ.

ನೀವು ಹೇಳಿದ ಗುರುತುಗಳೆಲ್ಲ 'ಸ್ಟಾಪ್' ಅಥವಾ 'ಡಿಜೆವಿಯು' ಅಂತ ಕರೆಯುವ ರಾನ್ಸಮ್‌ವೇರ್‌ಗೆ, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ವೈರಸ್‌ಗೆ, ಹೊಂದುತ್ತವೆ. ಇದು ದೊಡ್ಡ ಕಂಪನಿಗಳ ಹಿಂದೆ ಬಿದ್ದದ್ದಲ್ಲ, ಮನೆ ಕಂಪ್ಯೂಟರ್‌ಗಳನ್ನೇ ಹಿಡಿಯುವಂಥದ್ದು. ಮುಖ್ಯವಾಗಿ ಹರಡುವುದು ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಲೈಸೆನ್ಸ್ ಮುರಿದ, ಸಾಫ್ಟ್‌ವೇರ್ ಮೂಲಕ. ಎಷ್ಟೋ ಸಲ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿರುವ ಹಾಗೆ ಸುಳ್ಳು ಕಿಟಕಿ ತೋರಿಸುತ್ತದೆ. ಹಾರ್ಡ್ ಡಿಸ್ಕ್ ಯಾಕೆ ಇಷ್ಟು ಓಡುತ್ತಿದೆ ಅಂತ ನಿಮಗೆ ಅನುಮಾನ ಬರಬಾರದಲ್ವಾ, ಅದಕ್ಕೆ. ಅಷ್ಟರಲ್ಲಿ ಒಂದೊಂದೇ ಫೈಲ್‌ನ ಮೊದಲ 150 ಕೆಬಿಯಷ್ಟನ್ನು ಗೂಢಲಿಪಿಗೆ ತಿರುಗಿಸಿ ಮುಂದಕ್ಕೆ ಹೋಗುತ್ತಿರುತ್ತದೆ. ಪೂರ್ತಿ ಫೈಲ್ ಮುಟ್ಟುವುದಿಲ್ಲ. ತಲೆ ಕೆಡಿಸಿದರೆ ಸಾಕು, ಫೋಟೋ ತೆರೆಯುವುದಿಲ್ಲ. ಹಾಗಾಗಿಯೇ ಕೆಲಸ ಬೇಗ ಮುಗಿಯುತ್ತದೆ. 72 ಗಂಟೆಯೊಳಗೆ ಕೊಟ್ಟರೆ ಅರ್ಧ ರೇಟು ಅಂತ ಚೀಟಿಯಲ್ಲಿ ಬರೆದಿರುತ್ತದೆ. ಅದು ನಿಮ್ಮನ್ನು ಗಡಿಬಿಡಿ ಮಾಡಿಸುವ ಉಪಾಯ. ದುಡ್ಡು ಕಳಿಸಬೇಡಿ. ಕಳಿಸಿದರೂ ಬೀಗದ ಕೈ ಬಂದೇ ಬರುತ್ತದೆ ಅನ್ನುವ ಖಾತರಿ ಇಲ್ಲ.

ಈಗ ಮಾಡಬೇಕಾದ್ದು ಇಷ್ಟು. ಮೊದಲು ಇಂಟರ್ನೆಟ್ ತೆಗೆಯಿರಿ. ಒಂದು ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತಂದು, ಕೆಟ್ಟುಹೋದ ಫೈಲ್‌ಗಳನ್ನೂ ಆ ಚೀಟಿಯನ್ನೂ ಹಾಗೇ ಅದಕ್ಕೆ ನಕಲು ಮಾಡಿ. ಆ ಡಿಸ್ಕನ್ನು ಇನ್ಯಾವ ಕೆಲಸಕ್ಕೂ ಬಳಸಬೇಡಿ. ಆಮೇಲೆ ಚೀಟಿಯ ಕೊನೆಯಲ್ಲಿರುವ ಪರ್ಸನಲ್ ಐಡಿ ನೋಡಿ. ಅದು 'ಟಿ' ಅಕ್ಷರ ಮತ್ತು 1ರಿಂದ ಮುಗಿದರೆ ನಿಮಗೆ ಸ್ವಲ್ಪ ಆಸೆ ಇದೆ. ವೈರಸ್‌ಗೆ ತನ್ನ ಸರ್ವರ್ ಜೊತೆ ಮಾತಾಡಲು ಆಗದೆ ಇದ್ದಾಗ, ಮೊದಲೇ ತುಂಬಿಕೊಂಡು ಬಂದ ಒಂದೇ ಕೀಯಿಂದ ಎಲ್ಲರ ಮನೆ ಫೈಲ್‌ಗಳಿಗೂ ಬೀಗ ಹಾಕುತ್ತದೆ. ಅಂಥ ಕೀ ಸಂಶೋಧಕರ ಕೈಗೆ ಸಿಕ್ಕರೆ ಎಲ್ಲರ ಬೀಗವೂ ಬಿಚ್ಚುತ್ತದೆ. ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಇದಕ್ಕಾಗಿಯೇ ಉಚಿತ ಸಾಧನ ಬಿಡುಗಡೆ ಮಾಡಿತು. ಯೂರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು 2016ರಲ್ಲಿ ಕೆಲವು ಭದ್ರತಾ ಕಂಪನಿಗಳ ಜೊತೆ ಸೇರಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ತಾಣದಲ್ಲಿ ಇಂಥ ಸಾಧನಗಳೆಲ್ಲ ಒಂದೇ ಕಡೆ ಸಿಗುತ್ತವೆ. ಐಡಿ ಬೇರೆ ಥರ ಮುಗಿದಿದ್ದರೆ ನಿಮ್ಮ ಕೀ ಆ ಕಳ್ಳರ ಹತ್ತಿರ ಮಾತ್ರ ಇರುತ್ತದೆ. ಸುಳ್ಳು ಭರವಸೆ ಕೊಡಲಾರೆ. ಆದರೂ ಡಿಸ್ಕ್ ಎಸೆಯಬೇಡಿ. ದೊಡ್ಡ ವಿಡಿಯೋ ಫೈಲ್‌ಗಳಲ್ಲಿ ತಲೆ ಬಿಟ್ಟು ಉಳಿದದ್ದು ಚೆನ್ನಾಗಿಯೇ ಇರುವುದರಿಂದ ಕೆಲವನ್ನು ರಿಪೇರಿ ಮಾಡಲು ಬರುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಈ ವೈರಸ್ ಎಷ್ಟೋ ಸಲ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಬ್ಯಾಂಕ್, ಇಮೇಲ್, ಫೇಸ್‌ಬುಕ್ ಪಾಸ್‌ವರ್ಡ್‌ಗಳನ್ನೆಲ್ಲ ಇವತ್ತೇ ಬದಲಾಯಿಸಿ. ಆ ಕಂಪ್ಯೂಟರ್‌ನಲ್ಲಿ ಅಲ್ಲ, ಬೇರೆ ಫೋನ್‌ನಲ್ಲಿ. ಇಷ್ಟೆಲ್ಲ ಆಗಿ ಫೈಲ್‌ಗಳು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಬಂದಿವೆ ಅಂತ ನೀವೇ ಕಣ್ಣಾರೆ ನೋಡಿದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿಸಿ.

ದುಡ್ಡು ಕೊಟ್ಟ ಆಂಟಿವೈರಸ್ ಏನು ಮಾಡುತ್ತಿತ್ತು ಅಂತ ನಿಮಗೆ ಬೇಸರ ಇದೆ. ಮಗನನ್ನು ಕೂರಿಸಿಕೊಂಡು ಮೆತ್ತಗೆ ಕೇಳಿ, ಬೈಯಬೇಡಿ. ಕ್ರ್ಯಾಕ್ ಕೊಡುವ ತಾಣಗಳಲ್ಲಿ ಸಾಮಾನ್ಯವಾಗಿ ಮೊದಲ ಸಾಲೇ 'ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ' ಅಂತ ಇರುತ್ತದೆ. ಜಿಪ್ ಫೈಲ್‌ಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿರುತ್ತಾರೆ. ಗುಟ್ಟು ಕಾಪಾಡಲಿಕ್ಕೆ ಅಲ್ಲ. ಪಾಸ್‌ವರ್ಡ್ ಇದ್ದರೆ ಆಂಟಿವೈರಸ್‌ಗೆ ಒಳಗೆ ಇಣುಕಲು ಆಗುವುದಿಲ್ಲ, ಅದಕ್ಕೆ. 'ಕ್ರ್ಯಾಕ್ ಅಂದಮೇಲೆ ಆಂಟಿವೈರಸ್ ಸುಮ್ನೆ ಕೂಗುತ್ತೆ, ತಲೆ ಕೆಡಿಸ್ಕೋಬೇಡ' ಅಂತ ಗೆಳೆಯರು ಹೇಳಿರುತ್ತಾರೆ. ಇದು ಅಪಾಯದ ಮಾತು. ಯಾವ ಕೂಗು ನಿಜ, ಯಾವುದು ಸುಳ್ಳು ಅಂತ ಒಬ್ಬ ಹೈಸ್ಕೂಲ್ ಹುಡುಗ ಹೇಗೆ ತೀರ್ಮಾನ ಮಾಡುತ್ತಾನೆ? ಚಿಲಕ ತೆಗೆದವರು ನಾವೇ ಆದಮೇಲೆ ಕಾವಲುಗಾರನನ್ನು ಬದಲಾಯಿಸಿ ಉಪಯೋಗ ಇಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಇನ್ನೊಂದು ಆಂಟಿವೈರಸ್‌ಗೆ ದುಡ್ಡು ಸುರಿಯಬೇಡಿ. ಆ ದುಡ್ಡಿಗೆ ಡಿಸ್ಕ್ ತನ್ನಿ.

ಮಗನಿಗೆ ವಿಡಿಯೋ ಎಡಿಟಿಂಗ್ ಆಸಕ್ತಿ ಇದೆಯಲ್ಲ, ಅದನ್ನು ಕೊಲ್ಲಬೇಡಿ. ಡಾವಿಂಚಿ ರಿಸಾಲ್ವ್‌ಗೆ ಉಚಿತ ಆವೃತ್ತಿ ಇದೆ. ಹಳೇ ಕಂಪ್ಯೂಟರ್ ಆದರೆ ಶಾಟ್‌ಕಟ್ ಸಾಕು. ಫೋಟೋಗೆ ಗಿಂಪ್, ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್. ಎಲ್ಲವೂ ನ್ಯಾಯವಾಗಿ ಪುಕ್ಕಟೆ. ಆದರೆ ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಬೇಕು. ಉಚಿತವಾಗಿಯೇ ಸಿಗುವ, ಕನ್ನಡ ಟೈಪ್ ಮಾಡುವ ನಮ್ಮ 'ನುಡಿ' ತಂತ್ರಾಂಶವನ್ನೂ ಯಾವುದೋ ಡೌನ್‌ಲೋಡ್ ತಾಣದಿಂದ, ನಾಲ್ಕು ಕಸದ ಪ್ರೋಗ್ರಾಮುಗಳ ಜೊತೆ ತಂದು ಹಾಕಿಕೊಂಡವರನ್ನು ನೋಡಿದ್ದೇನೆ.

ಫಾರ್ಮ್ಯಾಟ್ ಮೇಲಿನ ಸಿಟ್ಟಿಗೆ ಕಾರಣ ಹೇಳುತ್ತೇನೆ ಅಂದೆನಲ್ಲ. ಕೆಲವು ವರ್ಷದ ಹಿಂದೆ ಒಬ್ಬರು ತಾಯಿ ನನ್ನ ಹತ್ತಿರ ಒಂದು ಪೆನ್ ಡ್ರೈವ್ ತಂದರು. ಮಗಳ ನಾಮಕರಣದ 23 ಫೋಟೋ ಅದರಲ್ಲಿತ್ತು, ಎಲ್ಲಕ್ಕೂ ಇದೇ ಬೀಗ. ಅಂಗಡಿಯಲ್ಲಿ ತೋರಿಸಲು ಅಂತ ಅಷ್ಟನ್ನು ಮಾತ್ರ ನಕಲು ಮಾಡಿಕೊಂಡಿದ್ದರಂತೆ. ಚೀಟಿಯ ಐಡಿ 'ಟಿ'ಯಿಂದ, 1ರಿಂದ ಮುಗಿದಿತ್ತು. ಕಾಯೋಣ ಅಂದೆ. ತಿಂಗಳುಗಳು ಕಳೆದ ಮೇಲೆ ಆ ಕೀ ಸಿಕ್ಕಿತು, 23 ಫೋಟೋಗಳೂ ಒಂದಾದ ಮೇಲೊಂದು ತೆರೆದುಕೊಂಡವು. ತೊಟ್ಟಿಲು, ಅಜ್ಜಿಯ ಕೈ, ಮಗುವಿನ ಕಿವಿಯ ಹತ್ತಿರ ಬಾಗಿದ ಅತ್ತೆ, ಎಲ್ಲ ನಿನ್ನೆ ತೆಗೆದಷ್ಟು ಸ್ಪಷ್ಟ. ಉಳಿದ ಎಂಟು ವರ್ಷದ ಫೋಟೋಗಳು ಕಂಪ್ಯೂಟರ್‌ನಲ್ಲಿದ್ದವು. ನನ್ನ ಹತ್ತಿರ ಬರುವ ಎರಡು ದಿನ ಮುಂಚೆ ಅಂಗಡಿಯವರು ಅದನ್ನು ಫಾರ್ಮ್ಯಾಟ್ ಮಾಡಿ, ಹೊಸ ವಿಂಡೋಸ್ ಹಾಕಿ ಕೊಟ್ಟಿದ್ದರು. ಆ ತಾಯಿ ಏನೂ ಮಾತಾಡಲಿಲ್ಲ. ಆ ಮೌನ ನನಗೆ ಇನ್ನೂ ನೆನಪಿದೆ.

ಆದ್ದರಿಂದ ಎಕ್ಸ್‌ಟರ್ನಲ್ ಡಿಸ್ಕ್ ವಿಷಯದಲ್ಲಿ ನಾನು ತುಂಬಾ ಹಠ ಮಾಡುತ್ತೇನೆ. ತಿಂಗಳಿಗೊಮ್ಮೆ ಚುಚ್ಚಿ, ನಕಲು ಮಾಡಿ, ಕಿತ್ತು ಬೀರುವಿನಲ್ಲಿ ಇಡಿ. ಕಿತ್ತು ಇಡುವುದೇ ಮುಖ್ಯ. ಸದಾ ಚುಚ್ಚಿಟ್ಟ ಡಿಸ್ಕ್‌ಗೂ ರಾನ್ಸಮ್‌ವೇರ್ ಬೀಗ ಹಾಕುತ್ತದೆ. ತಾನಾಗಿಯೇ ಸಿಂಕ್ ಆಗುವ ಕ್ಲೌಡ್ ಕೂಡ ಹಾಗೆಯೇ, ಕೆಟ್ಟ ಫೈಲನ್ನೇ ಮೇಲಕ್ಕೆ ಕಳಿಸಿಬಿಡುತ್ತದೆ. ಇದರ ಜೊತೆ, ಡಿಫೆಂಡರ್ ಬಳಸುವವರು ವಿಂಡೋಸ್ ಸೆಕ್ಯುರಿಟಿಯಲ್ಲಿ ರಾನ್ಸಮ್‌ವೇರ್ ಪ್ರೊಟೆಕ್ಷನ್ ಅನ್ನುವಲ್ಲಿಗೆ ಹೋಗಿ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಆನ್ ಮಾಡಿ. ಅದು ಮೊದಲಿಗೆ ಆಫ್ ಆಗಿರುತ್ತದೆ. ಗುರುತಿಲ್ಲದ ಪ್ರೋಗ್ರಾಮು ನಿಮ್ಮ ಫೋಟೋ ಫೋಲ್ಡರ್ ಬದಲಾಯಿಸಲು ಹೊರಟರೆ ತಡೆಯುತ್ತದೆ. ಒಮ್ಮೊಮ್ಮೆ ಒಳ್ಳೆಯ ಪ್ರೋಗ್ರಾಮನ್ನೂ ತಡೆಯುತ್ತದೆ, ಆಗ ಅದಕ್ಕೆ ಅನುಮತಿ ಕೊಡಬೇಕು. ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡಿ.

ಪ್ರಶ್ನೆ: ಎರಡು ಆಂಟಿವೈರಸ್ ಹಾಕಿದರೆ ಡಬಲ್ ರಕ್ಷಣೆ ಸಿಗುತ್ತದಾ?

ಇಲ್ಲ. ಒಂದಕ್ಕೊಂದು ಜಗಳ ಆಡಿ ಕಂಪ್ಯೂಟರ್ ನಿಧಾನ ಆಗುತ್ತದೆ.

ಪ್ರಶ್ನೆ: ಪಿಸಿ ಕ್ಲೀನರ್, ಸ್ಪೀಡ್ ಬೂಸ್ಟರ್ ಯಾವುದು ಒಳ್ಳೆಯದು?

ಯಾವುದೂ ಬೇಡ.

ಪ್ರಶ್ನೆ: ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬಂದ ಮೇಲೆ ಪೆನ್ ಡ್ರೈವ್‌ನಲ್ಲಿದ್ದ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಎಲ್ಲ ಹೋಯ್ತಾ?

ಹೋಗಿಲ್ಲ, ಅಡಗಿಸಿಟ್ಟಿದೆ. ಬಾಣದ ಗುರುತಿರುವ ಆ ಶಾರ್ಟ್‌ಕಟ್ ಒತ್ತಬೇಡಿ. ಒತ್ತಿದರೆ ವೈರಸ್ ನಿಮ್ಮ ಕಂಪ್ಯೂಟರ್‌ಗೂ ಬರುತ್ತದೆ. ಮೊದಲು ಪೆನ್ ಡ್ರೈವ್ ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ಸ್ ತೋರಿಸು ಅಂತ ಆರಿಸಿ, ಸಿಸ್ಟಮ್ ಫೈಲ್ ಮುಚ್ಚಿಡುವ ಟಿಕ್ ಕೂಡ ತೆಗೆಯಿರಿ. ನಿಮ್ಮ ಫೋಲ್ಡರ್‌ಗಳು ಮಸುಕಾಗಿ ಕಾಣುತ್ತವೆ. ಫೈಲ್‌ಗಳನ್ನು ನಕಲು ಮಾಡಿಕೊಳ್ಳಿ. ಆಮೇಲೆ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ. ಇಲ್ಲಿ ಫಾರ್ಮ್ಯಾಟ್ ಸರಿ. ಮುಂದಿನ ಸಲ ಪ್ರಿಂಟ್‌ಗೆ ಬೇಕಾದ ಫೈಲ್ ಒಂದೇ ಇರುವ ಬೇರೆ ಪೆನ್ ಡ್ರೈವ್ ಒಯ್ಯಿರಿ.

ಪ್ರಶ್ನೆ: ಅಪ್‌ಡೇಟ್ ಡೇಟಾ ತಿನ್ನುತ್ತದೆ ಅಂತ ಪೂರ್ತಿ ಆಫ್ ಮಾಡಿದ್ದೇನೆ. ಆಂಟಿವೈರಸ್ ಇದೆಯಲ್ಲ, ತೊಂದರೆ ಇಲ್ಲ ತಾನೇ?

ತೊಂದರೆ ಇದೆ. ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಹಬ್ಬಿದ್ದು 2017ರ ಮೇ 12ಕ್ಕೆ. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಎರಡು ತಿಂಗಳು ಸಮಯ ಇತ್ತು. ಇವತ್ತೇ ಆನ್ ಮಾಡಿ. ವಿಂಡೋಸ್ 7ಕ್ಕೆ ಯಾವ ಆಂಟಿವೈರಸ್ ಅಂತ ಕೇಳಿದವರಿಗೂ ಇದೇ ಉತ್ತರ. ಅದಕ್ಕೆ ಅಪ್‌ಡೇಟ್ ನಿಂತದ್ದು 2020ರ ಜನವರಿಯಲ್ಲಿ. ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಕಂಪ್ಯೂಟರ್ 11ಕ್ಕೆ ಹೊಂದದಿದ್ದರೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ನೋಡಿ.

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ. ಮೈಸೂರಿನಲ್ಲಿ ಅಪ್ಪನ ಲ್ಯಾಪ್‌ಟಾಪ್‌ನಲ್ಲಿ 'ವೈರಸ್ ಬಂದಿದೆ, ಈ ನಂಬರ್‌ಗೆ ಫೋನ್ ಮಾಡಿ' ಅಂತ ಪರದೆ ತುಂಬಾ ಬಂತಂತೆ, ಜೋರಾಗಿ ಬೀಪ್ ಬೇರೆ. ಅಪ್ಪ ಫೋನ್ ಮಾಡಿಬಿಟ್ಟಿದ್ದಾರೆ.

ಆ ಪರದೆ ಬರೀ ಒಂದು ವೆಬ್ ಪುಟ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ, ಇಲ್ಲದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಲಿ. ನಿಜವಾದ ವಿಂಡೋಸ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆ ಕಡೆಯವರು ದೂರದಿಂದಲೇ ಕಂಪ್ಯೂಟರ್ ನಡೆಸಲು ಬರುವ ಎನಿಡೆಸ್ಕ್ ಥರದ್ದೇನಾದರೂ ಹಾಕಿಸಿದರಾ ಅಂತ ಅಪ್ಪನನ್ನು ಕೇಳಿ. ಹಾಕಿಸಿದ್ದರೆ ಮೊದಲು ವೈಫೈ ಆಫ್ ಮಾಡಿಸಿ, ಅದನ್ನು ತೆಗೆಸಿ. ಅಪ್ಪ ತಮ್ಮ ಫೋನ್‌ನಿಂದಲೇ ಬ್ಯಾಂಕ್‌ಗೆ ಕರೆ ಮಾಡಿ ನೆಟ್ ಬ್ಯಾಂಕಿಂಗ್ ನಿಲ್ಲಿಸಲಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಸೈಬರ್ ವಂಚನೆಗೆ ಇರುವ ಸರ್ಕಾರಿ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯುವ ಅವಕಾಶ ಜಾಸ್ತಿ. ಅಪ್ಪನಿಗೆ ನಾಚಿಕೆ ಆಗಿರಬಹುದು, ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೆ ಹೇಳುವುದಿಲ್ಲ.