‘ವಾಟ್ಸ್ ದ ಕ್ರ್ಯಾಕ್’ ಅಂದರೆ ಬೈಗುಳ ಅಲ್ಲ

ಡಬ್ಲಿನ್‌ಗೆ ಬಂದು ಎರಡು ವಾರ ಆಯ್ತು, ಟೀಮ್ ಲೀಡ್ ದಿನಾ ಬೆಳಿಗ್ಗೆ ‘ವಾಟ್ಸ್ ದ ಕ್ರ್ಯಾಕ್?’ ಅಂತಾನೆ, ನನ್ನನ್ನು ಹುಚ್ಚ ಅಂತಿದ್ದಾನಾ ಎಂದು ಕೇಳಿದ್ದೀರಿ. ಇಲ್ಲ ಮಾರಾಯ್ರೇ. ಅದು ನಮ್ಮ ‘ಏನ್ ಸಮಾಚಾರ?’ ಅಷ್ಟೇ.

ನಾನು ಬೇರೆ ಥರ ಎಡವಿದ್ದೆ. ಮೊದಲ ಸಲ ಒಬ್ಬಾತ ನನ್ನನ್ನು ಹಾಗೆ ಕೇಳಿದಾಗ ಬಾಡಿಗೆ ಮನೆ ಸಿಗದ ಕಥೆಯನ್ನೆಲ್ಲ ಬಿಚ್ಚಿಟ್ಟೆ. ಪಾಪ, ಆತ ಚಹಾ ಕಪ್ ಹಿಡಿದುಕೊಂಡು ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ. ‘ಊಟ ಆಯ್ತಾ?’ ಅಂದರೆ ನಾವೇನು ಸಾರು, ಪಲ್ಯ ಎಲ್ಲ ಲೆಕ್ಕ ಒಪ್ಪಿಸ್ತೀವಾ? ‘ನಾಟ್ ಮಚ್, ಯುವರ್‌ಸೆಲ್ಫ್?’ ಅನ್ನಿ, ಸಾಕು.

ಸಮಾಚಾರ, ಹರಟೆ, ಮಜಾ ಮೂರಕ್ಕೂ ಇದೊಂದೇ ಪದ. ಜೊತೆಗಿದ್ದರೆ ನಗಿಸುವವನು ‘ಗುಡ್ ಕ್ರ್ಯಾಕ್’. ಪಾರ್ಟಿ ಭರ್ಜರಿ ಆಗಿದ್ದರೆ ‘ದ ಕ್ರ್ಯಾಕ್ ವಾಸ್ ನೈಂಟಿ’. ನಮ್ಮೂರ ಬಾರಿನ ನೈಂಟಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಅರ್ಥ ಸುಮ್ನೆ ಹೊಂದಿಕೊಳ್ಳುತ್ತೆ!

ಇಲ್ಲಿನವರು ಇಷ್ಟು ಹಚ್ಚಿಕೊಂಡ ಈ ಪದ ಮೂಲದಲ್ಲಿ ಐರಿಶ್ ಅಲ್ಲವೇ ಅಲ್ಲ. ಇಂಗ್ಲಿಷಿನ ‘ಕ್ರ್ಯಾಕ್’ಗೆ ಚಟ್ ಅನ್ನೋ ಸದ್ದು, ಬಿರುಕು ಅನ್ನೋದರ ಜೊತೆಗೆ ಹಿಂದೆ ಜೋರು ಮಾತು, ಬಡಾಯಿ ಅಂತಲೂ ಅರ್ಥ ಇತ್ತು. ಜರ್ಮನ್ನರ ‘ಕ್ರಾಖ್’ ಅದರ ದಾಯಾದಿ ಪದ, ಅದರರ್ಥ ಗಲಾಟೆ. ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ ಅದು ಹರಟೆಯಾಯಿತು. ಐರ್ಲೆಂಡಿನ ಉತ್ತರ ಭಾಗವಾದ ಅಲ್ಸ್ಟರ್‌ನವರ ಬಾಯಲ್ಲೂ ಬಂತು. 20ನೇ ಶತಮಾನದ ನಡುವಿನ ಹೊತ್ತಿಗೆ ಐರಿಶ್ ಭಾಷೆಗೂ ನುಗ್ಗಿತು. ಹಳೆಯ ಐರಿಶ್ ಅಕ್ಷರಮಾಲೆಯಲ್ಲಿ ಇದ್ದಿದ್ದು 18 ಅಕ್ಷರ, ಅದರಲ್ಲಿ ‘ಕೆ’ ಇಲ್ಲ. ಹಾಗಾಗಿ ಕೊನೆಯ ‘ಸಿಕೆ’ ಹೋಗಿ ‘ಐಸಿ’ ಬಂತು, ‘crack’ ಇದ್ದದ್ದು ‘craic’ ಆಯ್ತು. 1970ರ ದಶಕದಿಂದೀಚೆಗೆ ಅದೇ ಕಾಗುಣಿತ ಇಂಗ್ಲಿಷಿಗೆ ವಾಪಸ್ ಹೋಯ್ತು. ಪಬ್ ಬೋರ್ಡುಗಳ ಮೇಲೆ ನೀವು ನೋಡೋದು ಇದನ್ನೇ. ಇದು ಢೋಂಗಿ ಕಾಗುಣಿತ ಅಂತ ಮುಖ ಸಿಂಡರಿಸುವ ಐರಿಶರೂ ಇದ್ದಾರೆ. ನನಗಂತೂ ಅದು ಅತಿ ಅನ್ನಿಸುತ್ತೆ. ನಾವು ‘ಬಸ್ಸು’, ‘ಕಾರು’ ಅಂತ ಉಕಾರ ಸೇರಿಸಿ ನಮ್ಮದು ಮಾಡಿಕೊಂಡಿಲ್ವಾ?

ಅಂದಹಾಗೆ ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ. ಐರಿಶಿನಲ್ಲಿ ‘ಕ್ರ್ಯಾಕಾಲ್ಚೆ’ ಅಂತ ಇದರ ನಂಟಿನ ಇನ್ನೊಂದು ಪದ ಇದೆ. ಅದರ ಅರ್ಥ ತಲೆಕೆಟ್ಟವನು, ಥೇಟ್ ನಮ್ಮ ‘ಕ್ರ್ಯಾಕ್’ ಥರಾನೇ. ಟೀಮ್ ಲೀಡ್ ಅದನ್ನು ಅಂದರೆ ಮಾತ್ರ ಬೇಜಾರು ಮಾಡ್ಕೊಳ್ಳಿ.

ಮತ್ತೆ, ಅಮೆರಿಕದ ಕ್ಲೈಂಟ್ ಕಾಲ್‌ನಲ್ಲಿ ‘ವೀಕೆಂಡ್ ಕ್ರ್ಯಾಕ್ ಜೋರಾಗಿತ್ತು’ ಅನ್ನಬೇಡಿ. ಅಲ್ಲಿ ಅದು ಕೊಕೇನು.